ಎರಡೂವರೆ ರೊಟ್ಟಿ, ಆರು ಅಂಕಿ

ನಾನು ಬ್ಲಾಗ್ ಬರೆಯುತ್ತಿದ್ದೆ ಎಂದರೆ ಈಗ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಆಗ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಅವರೂ ಒಂದು ದಿನ ತೆರೆದು ಓದಿದವರಲ್ಲ, ಅದೊಂದು ನನ್ನ ಪುಣ್ಯ. ಬೆಟಗೇರಿಯಲ್ಲಿ ಹುಟ್ಟಿ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದವಳು ನಾನು. ಮದುವೆಗೆ ಮೊದಲು ಗದಗದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುವಾಗ ಆ ಬ್ಲಾಗ್ ತೆರೆದಿದ್ದೆ. ಮದುವೆಯಾದ ಮೇಲೆ ಅದಕ್ಕೆ ಒಳ್ಳೆಯ ಸರಕು ಸಿಕ್ಕಿತು. ಹೆಸರು ಹಾಕದೆ, ಊರು ಹಾಕದೆ, ಅತ್ತೆಮನೆಯ ಸುದ್ದಿಯನ್ನೆಲ್ಲ ಅಲ್ಲಿ ಬರೆದು ಹಗುರಾಗುತ್ತಿದ್ದೆ.

ಅದರಲ್ಲೊಂದು ಬರಹ ರೊಟ್ಟಿ ಎಣಿಸುವ ಅತ್ತೆಯದು. ನಾನು ಹೊಸದಾಗಿ ಬಂದ ವರ್ಷ, ಊಟ ಮುಗಿಸಿ ಏಳುವಾಗ ಅತ್ತೆ ಅಡುಗೆಮನೆಯ ಹೊಸ್ತಿಲಾಚೆ ಎಲೆಅಡಿಕೆ ಮೆಲ್ಲುತ್ತ ಕೂತು, ಗೋಡೆಗೆ ಹೇಳಿದ ಹಾಗೆ "ಎರಡ" ಅನ್ನುತ್ತಿದ್ದರು. ಮರುದಿನ "ಎರಡೂವರಿ". ತವರಿನಲ್ಲಿ ನಾನು ತಿಂದ ರೊಟ್ಟಿಯನ್ನು ಯಾರೂ ಎಣಿಸಿದವರಲ್ಲ. ಅವಮಾನವಾಗಿತ್ತು, ಮೈಯೆಲ್ಲ ಉರಿದಿತ್ತು. ಎಷ್ಟೋ ವರ್ಷಗಳ ಮೇಲೆ ಅದನ್ನೆಲ್ಲ ಉಪ್ಪು ಖಾರ ಹಚ್ಚಿ ಬರೆದೆ. ಬಸ್ಸಿನ ಕಂಡಕ್ಟರ್ ಕೂಡ ಇಷ್ಟು ಶ್ರದ್ಧೆಯಿಂದ ಎಣಿಸುವುದಿಲ್ಲ ಎಂದು ಒಂದು ಸಾಲು ಸೇರಿಸಿ, ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಒಂದು ಗುರುವಾರ ಮುಂಡರಗಿಯಿಂದ ನಾದಿನಿಯ ಫೋನು ಬಂತು.

"ವೈನಿ, ನಮ್ಮ ಹೆಣ್ಮಕ್ಕಳ ಗ್ರೂಪಿನ್ಯಾಗ ಒಂದ ಮಜಾ ಬಂದೈತಿ. ಸೊಸಿ ತಿಂದ ರೊಟ್ಟಿ ಎಣಸೋ ಅತ್ತಿದು. ನಕ್ಕು ನಕ್ಕು ಹೊಟ್ಟಿ ಹುಣ್ಣಾತು. ರವಿವಾರ ಬರತೀನಲ್ಲ, ಅವ್ವಗ ಓದಿ ತೋರಸ್ತೀನಿ."

"ಯಾರ ಬರದಾರ?" ಎಂದೆ.

"ಯಾರರ ಬರೀಲಿ, ಹೆಸರಿಲ್ಲ. ಲಿಂಕ್ ಕಳಸ್ಯಾರ, ಒತ್ತಿದ್ರ ತೆರೀತೈತಿ."

ಮಗಳಿಗೆ ತಾಯಿಯ ಗುರುತು ಹತ್ತಿರಲಿಲ್ಲ. ಆದರೆ ತಾಯಿಗೆ ತನ್ನ ಗುರುತು ಹತ್ತದೆ ಇರುತ್ತದೆಯೇ? "ಎರಡೂವರಿ" ಎಂದು ಓದಿದ ಕೂಡಲೇ ಅತ್ತೆ ನನ್ನ ಕಡೆ ಹೇಗೆ ತಿರುಗುತ್ತಾರೆ ಎಂಬುದು ಕಣ್ಣಿಗೆ ಕಟ್ಟಿತು. ಉಳಿದಿದ್ದ ದಾರಿ ಒಂದೇ. ರವಿವಾರದೊಳಗೆ ಆ ಬರಹವನ್ನು ಅಳಿಸಿಬಿಟ್ಟರೆ, ನಾದಿನಿ ಎಷ್ಟು ಒತ್ತಿದರೂ ಏನೂ ತೆರೆಯುವುದಿಲ್ಲ.

ಅಳಿಸಲು ಹೋದರೆ ಬ್ಲಾಗು ನನ್ನನ್ನೇ ಒಳಗೆ ಬಿಡಲಿಲ್ಲ. ಕಂಪನಿಯವರು ಲಾಗಿನ್ ಪದ್ಧತಿಯನ್ನೇ ಬದಲಿಸಿದ್ದರಂತೆ. ಹಳೆಯ ಪಾಸ್‌ವರ್ಡ್ ನಡೆಯುವುದಿಲ್ಲ. ಮೊದಲು ಕೊಟ್ಟ ನಂಬರಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಹತ್ತು ನಿಮಿಷದೊಳಗೆ ಹಾಕಬೇಕು. ಆ ನಂಬರು ನನ್ನ ಹಳೆಯ ಸಿಮ್ಮಿನದು. ನಮ್ಮ ಕಡೆ ಹೊಸ ಫೋನು ಬಂದರೆ ಹಳೆಯದು ಹಿರಿಯರಿಗೆ ಹೋಗುತ್ತದೆ. ನಾನೂ ಟಚ್ ಫೋನು ಕೊಂಡಾಗ, ಬಟನ್ ಫೋನನ್ನು ಸಿಮ್ಮಿನ ಸಮೇತ ಭಕ್ತಿಯಿಂದ ಅತ್ತೆಯ ಕೈಗೆ ಕೊಟ್ಟಿದ್ದೆ.

ಅತ್ತೆ ಅದನ್ನು ಸೊಂಟದ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಇಟ್ಟುಕೊಂಡಿರುತ್ತಿದ್ದರು. ನಾನು ನನ್ನ ಫೋನಿನಲ್ಲಿ ಓಟಿಪಿ ಕಳಿಸುವ ಗುಂಡಿ ಒತ್ತಿದೆ, ಸಂಚಿಯೊಳಗೆ ಸದ್ದಾಯಿತು. ಹತ್ತಿರ ಹೋಗಿ ನಯವಾಗಿ ಕೇಳಿದೆ.

"ಅತ್ತಿ, ಒಂದ ಮೆಸೇಜ್ ಬಂದೈತಿ ನೋಡ್ರಿ. ಆರ ಅಂಕಿ ಇರತಾವ, ಅವನ್ನಷ್ಟ ಹೇಳ್ರಿ."

ಅತ್ತೆ ಶಿರಹಟ್ಟಿಯಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದವರು. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಫೋನ್ ನಂಬರುಗಳಿಂದ ಅಂಕಿ ಕಲಿತಿದ್ದರು. ಫೋನನ್ನು ದೂರ ಹಿಡಿದು ನೋಡಿ, ಮತ್ತೆ ಸಂಚಿಯೊಳಗೆ ಇಟ್ಟು ದಾರ ಎಳೆದರು.

"ಹೇಳೂದಿಲ್ಲ."

"ಯಾಕ್ರಿ?"

"ಬ್ಯಾಂಕಿನ ಸಾಹೇಬ್ರು ನಮ್ಮ ಮಹಿಳಾ ಸಂಘಕ್ಕ ಬಂದು ಹೇಳ್ಯಾರ. ಹಿಂತಾ ಅಂಕಿ ಬಂದ್ರ ಯಾರಿಗೂ ಹೇಳಬಾರದಂತ. ಹೊಟ್ಟ್ಯಾಗ ಹುಟ್ಟಿದ ಮಗಾ ಕೇಳಿದ್ರೂ ಹೇಳಬಾರದಂತ."

"ನಾ ಮಗಾ ಅಲ್ಲಲ್ರಿ, ಸೊಸಿ."

"ಸೊಸಿಗಂತೂ ಹೇಳಬ್ಯಾಡ್ರಿ ಅಂದಾರ."

ಆ ಕೊನೆಯ ಮಾತು ಸಾಹೇಬರದಲ್ಲ, ಅತ್ತೆಯದೇ ಎಂದು ನನಗೆ ಇಂದಿಗೂ ಗುಮಾನಿ.

ಶುಕ್ರವಾರ ಕಳ್ಳದಾರಿ ಹಿಡಿದೆ. ಅತ್ತೆ ಸ್ನಾನಕ್ಕೆ ಹೋಗುವಾಗ ಸಂಚಿ ಬಿಚ್ಚಿಡುತ್ತಾರೆ ಎಂದು ಲೆಕ್ಕ ಹಾಕಿ ಗುಂಡಿ ಒತ್ತಿದೆ. ಸದ್ದು ಬಚ್ಚಲಮನೆಯ ಒಳಗಿನಿಂದ ಬಂತು. "ಮತ್ತ ಬಂತ ನೋಡ, ಕಳ್ಳರು ಬೆನ್ನ ಹತ್ಯಾರ" ಎಂದು ಅತ್ತೆ ನೀರು ಹೊಯ್ದುಕೊಳ್ಳುತ್ತಲೇ ಅಂದರು. ಗಂಡನನ್ನು ಕಳಿಸಿ ಕೇಳಿಸಿದೆ. ಅವರು ಹೋದಷ್ಟೇ ಬೇಗ ತಿರುಗಿ ಬಂದು, "ಬ್ಯಾಂಕಿನವ್ರು ನಮ್ಮವ್ವಗ ಭಾಳ ಛಲೋ ಕಲಿಸ್ಯಾರ ಬಿಡ" ಎಂದು ಅಭಿಮಾನಪಟ್ಟರು. ನಾನು ಸಿಟ್ಟಿನಲ್ಲಿ ಮತ್ತೆರಡು ಸಲ ಒತ್ತಿದೆ. ಪ್ರಯತ್ನಗಳು ಅತಿಯಾದವು, ಇಪ್ಪತ್ನಾಲ್ಕು ತಾಸು ಕಾಯಿರಿ ಎಂದು ಕಂಪನಿ ಬಾಗಿಲು ಹಾಕಿಕೊಂಡಿತು.

ಉಳಿದದ್ದು ಕಂಪನಿಯವರ ಸಹಾಯ ವಿಭಾಗ. ಅದಕ್ಕೊಂದು ಫಾರ್ಮ್. ಜಿಲ್ಲೆ ಆರಿಸಲು ಹೋದರೆ ಅವರ ಪಟ್ಟಿಯಲ್ಲಿ ಗದಗವೇ ಇಲ್ಲ. ನಾವು ಹೊಸ ಜಿಲ್ಲೆಯವರಾಗಿ ವರ್ಷಗಳೇ ಕಳೆದಿದ್ದವು. ಗದಗಕ್ಕೆ ಡಿಸಿ ಬಂದರು, ಕಚೇರಿಗಳು ಬಂದವು, ಆ ಕಂಪನಿಗೆ ಮಾತ್ರ ಖಬರ್ ಮುಟ್ಟಿರಲಿಲ್ಲ. ನಮ್ಮ ಹಳೆಯ ಜಿಲ್ಲೆ ಧಾರವಾಡವನ್ನೇ ಒತ್ತಿ ಮುಂದೆ ಹೋದೆ. ಖಾತೆಯನ್ನು ಮೊದಲು ಎಲ್ಲಿ ತೆರೆದಿರಿ ಎಂದು ಕೇಳಿದ್ದರು. ಗದಗದ ಕಂಪ್ಯೂಟರ್ ಕ್ಲಾಸಿನಲ್ಲಿ, ಕಿಟಕಿ ಪಕ್ಕದ ಮಷಿನ್ನಿನಲ್ಲಿ, ಅದರ ಒಂದು ಕೀಲಿ ಒತ್ತಿದರೆ ಮೇಲೇಳುತ್ತಿರಲಿಲ್ಲ ಎಂದು ಬರೆದೆ. ಇದಕ್ಕಿಂತ ಪುರಾವೆ ಯಾರು ಕೊಟ್ಟಾರು?

ನಿಮಿಷದೊಳಗೆ ಉತ್ತರ ಬಂತು: ನಿಮಗೆ ಸಹಾಯ ಮಾಡಲು ಸಂತೋಷವಾಗುತ್ತದೆ, ಓಟಿಪಿ ನಿಮ್ಮ ನಂಬರಿಗೆ ಬರುತ್ತದೆ. ಆ ನಂಬರು ನನ್ನ ಅತ್ತೆಯ ಬಳಿ ಇದೆ, ಅವರು ಹೇಳುವುದಿಲ್ಲ ಎಂದು ಬರೆದೆ. ಹಾಗಾದರೆ ಆ ನಂಬರು ಇರುವವರನ್ನು ಸಂಪರ್ಕಿಸಿ ಎಂದು ಉತ್ತರ. ಅವರು ನನ್ನಿಂದ ಮೂರು ಮೊಳ ದೂರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಕೊನೆಗೆ, ಈ ಉತ್ತರ ನಿಮಗೆ ಉಪಯೋಗವಾಯಿತೇ ಎಂದು ಕೇಳಿದರು. ಇಲ್ಲ ಎಂದು ಒತ್ತಿದೆ. ಧನ್ಯವಾದ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಕೋಣವಾದರೂ ಕಿವಿ ಅಲ್ಲಾಡಿಸುತ್ತಿತ್ತು. ಬ್ಲಾಗ್ ಬರೆಯುವವರೆಲ್ಲ ದೂರು ಹೇಳುವ ಪುಟ ಒಂದಿತ್ತು, ಅದನ್ನೂ ತೆರೆದೆ. ಯಾರೋ ಎಂದೋ ಕೇಳಿದ ಪ್ರಶ್ನೆಯ ಕೆಳಗೆ "ನನಗೂ ಇದೇ ತೊಂದರೆ" ಎಂದು ಜನ ಸಾಲುಗಟ್ಟಿದ್ದರು. ಉತ್ತರ ಯಾರಿಗೂ ಸಿಕ್ಕಿರಲಿಲ್ಲ. ನಾನೂ ಹೋಗಿ ಆ ಪಾಳಿಯಲ್ಲಿ ನಿಂತೆ.

ರವಿವಾರ ಬೆಳಗಾಯಿತು. ನಾದಿನಿ ಬಸ್ ಹತ್ತಿದೆನೆಂದು ಫೋನು ಮಾಡಿದಳು. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು ಗಟ್ಟಿ ಮನಸ್ಸು ಮಾಡಿ ಅತ್ತೆಯ ಮುಂದೆ ಹೋಗಿ ಕೂತೆ.

"ಅತ್ತಿ, ಆ ಅಂಕಿ ಬ್ಯಾಂಕಿಂದಲ್ರಿ. ನಾ ಒಂದ ಬರದೀನಿ. ಅದನ್ನ ಅಳಸಾಕ ಬೇಕಾಗ್ಯಾವ."

"ಏನ ಬರದಿ?"

"ನಿಮ್ಮ ಮ್ಯಾಲ."

ಅತ್ತೆಯ ಬಾಯಿಯಲ್ಲಿನ ಎಲೆ ನಿಂತಿತು. "ಓದು. ಆಮ್ಯಾಲ ನೋಡೂಣು."

ಓದುವುದಕ್ಕೆ ಲಾಗಿನ್ ಬೇಕಿರಲಿಲ್ಲ. ನಡುವೆ ನಾಲ್ಕು ಸಾಲು ನುಂಗಿದರೆ ಯಾರಿಗೆ ತಿಳಿಯುತ್ತದೆ ಎಂದು ಸುರು ಮಾಡಿದೆ. ಆದರೆ ಅತ್ತೆ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಸಾಲೂ ನುಂಗಲಾಗಲಿಲ್ಲ. ಎರಡ, ಎರಡೂವರಿ, ಕಂಡಕ್ಟರ್, ಎಲ್ಲವನ್ನೂ ಓದಿದೆ. "ಮಧ್ಯಾಹ್ನ ಅರ್ಧ ರೊಟ್ಟಿಗೆ ಮೊಸರು ಹಾಕಿ, ಕೆಟ್ಟ ಹೋಗತೈತಿ ತಿಂದ ಮುಗಸು ಎಂದು ನನ್ನ ಮುಂದೆ ಇಡುತ್ತಿದ್ದರು, ನಾಯಿಗೂ ಬೇಡವಾದದ್ದು ನನಗೆ" ಎಂಬ ಸಾಲನ್ನೂ ಓದಿದೆ.

"ಎಣಸಿದ್ದು ಖರೆ" ಎಂದರು ಅತ್ತೆ. "ಹೊಸದಾಗಿ ಬಂದಾಕಿ, ಮಂದಿ ಮುಂದ ನಾಚಿ ಎರಡ ರೊಟ್ಟಿಗೆ ಕೈ ತೊಳೀತಿದ್ದಿ. ನಾ ಈ ಮನಿಗೆ ಬಂದಾಗ ಯಾರೂ ಎಣಸಲಿಲ್ಲ. ಹಸಗೊಂಡ ಮಲಗತಿದ್ದೆ, ಒಬ್ರಿಗೂ ಗೊತ್ತಾಗಲಿಲ್ಲ. ಅದಕ್ಕ ಎಣಸತಿದ್ದೆ."

ನಾನು ನಂಬಲಿಲ್ಲ. ನಿಂತ ಕಾಲಲ್ಲಿ ಉತ್ತರ ಹೊಸೆಯುವುದರಲ್ಲಿ ಅತ್ತೆ ಯಾರಿಗೂ ಸೋತವರಲ್ಲ.

"ಹಂಗಿದ್ರ ಆವಾಗ ಯಾಕ ಹೇಳಲಿಲ್ರಿ?"

"ಹೇಳಿದ್ರ ತಿಂತಿದ್ದೇನ? ಎಣಸಿದೆ ಅಂತ ಸಿಟ್ಟ ಬಂತು, ನನ್ನ ಮ್ಯಾಲಿನ ಸಿಟ್ಟಿಗೆ ಮೂರ ತಿನ್ನಾಕ ಹತ್ತಿದಿ."

ಅದು ನಿಜ. ಒಂದು ತಿಂಗಳಾದ ಮೇಲೆ, ಇವರು ಎಣಿಸಲಿ ನೋಡೋಣ ಎಂದು ಹಟಕ್ಕೆ ಬಿದ್ದು ಮೂರು ರೊಟ್ಟಿ ತಿನ್ನತೊಡಗಿದ್ದೆ. ಮೂರಾದ ಮೇಲೆ ಅತ್ತೆ ಎಣಿಸುವುದನ್ನು ಬಿಟ್ಟಿದ್ದರು. ಅದೊಂದನ್ನು ಮಾತ್ರ ನಾನು ಬ್ಲಾಗಿನಲ್ಲಿ ಬರೆದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅತ್ತೆ ಸಂಚಿಯ ದಾರ ಸಡಿಲಿಸಿ ಫೋನು ತೆಗೆದರು. "ಹೂಂ, ಒತ್ತು." ಒತ್ತಿದೆ, ಸದ್ದಾಯಿತು. ಮೂರು ಅಂಕಿ ಹೇಳಿ ನಿಲ್ಲಿಸಿಬಿಟ್ಟರು.

"ಅಳಸಬ್ಯಾಡ. ನಾ ಈಗ ಹೇಳಿದ್ನಲ್ಲ, ಅದನ್ನೂ ಕೆಳಗ ಹಾಕು. ಹಾಕತೀನಂತ ಹೇಳು, ಉಳದ ಮೂರ ಹೇಳತೀನಿ."

"ಹಾಕತೀನ್ರಿ."

ಬಾಗಿಲು ತೆರೆಯಿತು. ಅತ್ತೆಯ ಮಾತನ್ನು ಅವರು ಆಡಿದ ಹಾಗೆಯೇ ಕೆಳಗೆ ಹಾಕಿದೆ. ಓದು ಎಂದರು. ಓದಿದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಹಸಗೊಂಡ ಮಲಗತಿದ್ದೆ ಅನ್ನೂದನ್ನ ತಗಿ."

"ಯಾಕ್ರಿ, ಅದು ಖರೆ ಅಲ್ಲೇನ್ರಿ?"

"ಖರೆ ಐತಿ. ನಮ್ಮಣ್ಣ ಇನ್ನೂ ಶಿರಹಟ್ಟಿಯೊಳಗ ಅದಾನ. ಈ ಮನಿ ನೋಡಿ ನನ್ನ ಕೊಟ್ಟಾಂವ ಅವನ. ತವರಿಗೆ ಹೋದಾಗೊಮ್ಮೆ ಕೇಳತಿದ್ದ, ಹೊಟ್ಟಿ ತುಂಬ ಉಣತೀಯಿಲ್ಲ ಅಂತ. ಹೂಂ ಅಂತಿದ್ದೆ."

ಆ ಅಣ್ಣ ಈಗ ಇಲ್ಲ, ಅತ್ತೆಯೂ ಇಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ಅಂದು ಮಾತ್ರ, ಮೂರು ದಿನ ಬಾಗಿಲು ಬಡಿದು ಒಳಗೆ ಹೋದವಳು, ಆ ಒಂದು ಮಾತನ್ನಷ್ಟೇ ಅಳಿಸಿ ಹೊರಗೆ ಬಂದೆ.