ಕಣತಲೆಯ ಮೇಲಿನ ಬೆರಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿ ಇಂದಿಗೆ ಹದಿನೇಳು ದಿನ. ಆದರೆ ನಾನು ಅಜ್ಜಿಯಾದದ್ದು ಇವತ್ತು ಮಧ್ಯಾಹ್ನ, ಸೊಸೆ ಸವಿತಾ ತಾನಾಗಿಯೇ ಆ ಕೂಸಿನ ತಲೆಯನ್ನು ನನ್ನ ಅಂಗೈಯಲ್ಲಿ ಇಟ್ಟಾಗ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದಲ್ಲಿ ನೀವೇ ತಿದ್ದಿ ಓದಿಕೊಳ್ಳಿ. ಸಂತೋಷ ಎದೆಯಲ್ಲಿ ಹಿಡಿಸದೆ ಬರೆಯಲು ಕೂತಿದ್ದೇನೆ. ಕೈಗೆ ಇನ್ನೂ ಔಡಲ ಎಣ್ಣೆಯ ವಾಸನೆ ಇದೆ. ಬಿಸಿ ಮಾಡಿದರೆ ತುಸು ಕಮಟು, ತುಸು ಹೊಗೆ. ಅದು ಮೂಗಿಗೆ ಬಂತೆಂದರೆ ನಾನು ಭಾಗ್ಯನಗರದ ಈ ಮನೆಯಲ್ಲಿ ಇರುವುದಿಲ್ಲ. ಆನೆಗೊಂದಿಯ ನಮ್ಮ ಹಳೆಯ ಮನೆಯ ಹೊಸ್ತಿಲ ಮುಂದೆ, ನಮ್ಮ ಆಯಿಯ ಎರಡು ಮೊಣಕಾಲುಗಳ ನಡುವೆ ಕೂತಿರುತ್ತೇನೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ತಲೆ ತಿಕ್ಕುವುದರಲ್ಲಿ ಅವಳ ಕೈ ಊರಿಗೇ ಗೊತ್ತಿತ್ತು. ಒಂದು ಸಣ್ಣ ಬೆಳ್ಳಿ ಬಟ್ಟಲಲ್ಲಿ ಎಣ್ಣೆ ಕಾಯಿಸಿ, ಅಂಗೈ ತುಂಬ ನೆತ್ತಿಗೆ ಸುರಿದು, ಅದು ಇಂಗುವವರೆಗೂ ಅಂಗೈಯಿಂದ ತಟ್ಟುತ್ತಿದ್ದಳು. ಆಮೇಲೆ ಎರಡು ಹೆಬ್ಬೆರಳು ಹಿಂಗತ್ತಿನ ಕುಳಿಯಿಂದ ಹೊರಟು, ಕಿವಿಯ ಹಿಂದೆ ಸುತ್ತಿ, ಮೆಲ್ಲಗೆ ಮೇಲೇರುತ್ತಿದ್ದವು. "ಕೂದಲ ತಿಕ್ಕಬಾರದು, ಚರ್ಮ ಎಲುಬಿನ ಮ್ಯಾಲೆ ಆಡಬೇಕು," ಎನ್ನುತ್ತಿದ್ದಳು. ಬಳಿಕ ಬುಡದಲ್ಲಿ ಹಿಡಿ ಹಿಡಿಯಾಗಿ ಕೂದಲು ಹಿಡಿದು ಜಗ್ಗಿ ಬಿಡುವುದು. ಅಷ್ಟು ಹೊತ್ತಿಗೆ ಕಣ್ಣು ತಾವೇ ಮುಚ್ಚುತ್ತಿದ್ದವು. ಕೊನೆಗೆ ಕಣ್ಣಿನ ಪಕ್ಕದ ಕಣತಲೆಯ ಮೇಲೆ ಎರಡೆರಡು ಬೆರಳು ಬಂದು ದುಂಡಗೆ ತಿರುಗುತ್ತಿದ್ದವು. ಅಲ್ಲಿಗೆ ಸುಖ ಮುಗಿಯಿತು. "ಬೆಲ್ಲದ ಡಬ್ಬಿ ಯಾರು ತಗದ್ರು?" ಎಂದು ಆಯಿ ಮೆತ್ತಗೆ ಕೇಳುತ್ತಿದ್ದಳು. ಸುಳ್ಳು ಹೇಳುವಾಗ ಹಲ್ಲು ಕಚ್ಚುತ್ತೇವಲ್ಲ, ಕಣತಲೆ ಜಿಗಿಯುತ್ತದೆ. "ಹಾಂ, ಜಿಗೀತು ನೋಡು," ಎಂದವಳೇ ಕಿವಿ ಹಿಂಡುತ್ತಿದ್ದಳು. ಆಯಿ ಯಾರನ್ನೂ ನಂಬಿದವಳಲ್ಲ. ಆ ಬೆಳ್ಳಿ ಬಟ್ಟಲನ್ನು ಅಮಾವಾಸ್ಯೆಗೊಮ್ಮೆ ಹೊಸ ಜಾಗದಲ್ಲಿ ಬಚ್ಚಿಡುತ್ತಿದ್ದಳು. ಅವಳ ನೆರಳಲ್ಲಿ ಬೆಳೆದ ನಮಗೂ ಒಬ್ಬರ ಮೇಲೊಬ್ಬರಿಗೆ ಕಣ್ಣು.

ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಕುಷ್ಟಗಿ ಕಡೆಯವಳು. ಮದುವೆಯಾಗಿ ವರ್ಷ ಆಗಿತ್ತು, ಮಾತಿಗೊಮ್ಮೆ ನಗುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳಿಗೆ ಹುಣಸೆಹಣ್ಣಿನ ಆಸೆ ಹತ್ತಿತು. ಹೊಳೆಯ ದಂಡೆಯ ಮರದಡಿ ಬಿದ್ದದ್ದನ್ನು ನಾನೇ ಲಂಗದಲ್ಲಿ ಕಟ್ಟಿ ತಂದು ಕೊಡುತ್ತಿದ್ದೆ. "ಯಾರಿಗೂ ಹೇಳಬ್ಯಾಡ ನನ್ನ ಬಂಗಾರ. ಮೂರು ತಿಂಗಳ ತುಂಬಲಿ, ನಾನಾ ಹೇಳ್ತೀನಿ," ಎಂದಿದ್ದಳು. ನನಗೆ ಎಂಟು ವರ್ಷ. ಯಾವ ಮೂರು ತಿಂಗಳೋ ತಿಳಿಯಲಿಲ್ಲ. ಅಷ್ಟರಲ್ಲಿ ಬೆಳ್ಳಿ ಬಟ್ಟಲು ಕಾಣೆಯಾಯಿತು. ಆಯಿ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮೊಣಕಾಲ ನಡುವೆ ಕೂರಿಸಿಕೊಂಡಳು. ಚಿಗವ್ವನನ್ನು ಕರೆದಾಗ ಅವಳ ದವಡೆಯಲ್ಲಿ ಹುಣಸೆ ಇತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಬಟ್ಟಲಿನ ಮಾತು ಬಂದಾಗ ಬೀಜ ಹೊರಬೀಳದಂತೆ ಹಲ್ಲು ಕಚ್ಚಿದಳು.

"ಜಿಗೀತು," ಎಂದಳು ಆಯಿ.

"ನಾ ತಗೊಂಡಿಲ್ರಿ ಅತ್ತಿ," ಎಂದಳು ಚಿಗವ್ವ, ಹೇಗೋ ನುಂಗಿಕೊಂಡು.

"ನಿನ್ನ ಬಾಯಿ ಮಾತು ಯಾರು ಕೇಳ್ಯಾರ?"

ನಾನು ಕಂಬದ ಮರೆಯಲ್ಲಿದ್ದೆ. ಅವಳ ಬಾಯಲ್ಲಿದ್ದದ್ದು ಹುಣಸೆ ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಆ ಬೆರಳು ನನ್ನ ಕಣತಲೆಗೆ ಬರುತ್ತಿತ್ತು. ಸುಮ್ಮನಿದ್ದುಬಿಟ್ಟೆ. ಮರುದಿನ ಬೆಳಿಗ್ಗೆ ಚಿಗವ್ವ ತವರಿಗೆ ಹೋದಳು. ಕರೆತರಲು ಹೋದ ಕಾಕಾ ಅಲ್ಲೇ ಉಳಿದ. ಬಿತ್ತನೆಯ ಹೊತ್ತಿಗೆ ಬೀಜದ ಹೆಸರುಕಾಳಿನ ಗಡಿಗೆ ತೆಗೆದರೆ, ಹುಳು ಹಿಡಿಯದಂತೆ ಹಾಕಿದ್ದ ಬೂದಿಯ ಒಳಗಿನಿಂದ ಬಟ್ಟಲು ಬಂತು. ಆಯಿ ತಾನೇ ಬಚ್ಚಿಟ್ಟು ಮರೆತಿದ್ದಳು. ಆದರೂ ಚಿಗವ್ವನ ಮುಂದೆ ಹೋಗಿ ನಿಲ್ಲುವ ಮುಖ ಅವಳಿಗಿರಲಿಲ್ಲ. ಚಿಗವ್ವ ಹಡೆದ ಸುದ್ದಿ ಬಂದ ಮೇಲಷ್ಟೇ ಆ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಕೈ ಹಿಡಿದು ಬಸ್ಸು ಹತ್ತಿದಳು. ಚಿಗವ್ವ ನೀರು ಕೊಟ್ಟಳು, ರೊಟ್ಟಿ ಹಾಕಿದಳು. ಆಯಿ ಕೂಸಿಗೆ ಕೈ ಚಾಚಿದಾಗ ಮಾತ್ರ ಹಿಂದಕ್ಕೆ ಸರಿದಳು. "ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅತ್ತಿ. ಆದ್ರ ನನ್ನ ಕೂಸಿನ ತಲಿ ನಿಮ್ಮ ಕೈಯಾಗ ಕೊಡಂಗಿಲ್ಲ."

ಆಮೇಲೆ ಆಯಿ ಯಾರ ತಲೆಯನ್ನೂ ಮುಟ್ಟಲಿಲ್ಲ. ಬಟ್ಟಲು ಗೋಡೆಯ ಮಾಡದಲ್ಲಿ ಕಪ್ಪಾಯಿತು. ಆ ಮನೆ ಈಗಿಲ್ಲ, ಅಲ್ಲಿ ಬಾಳೆತೋಟ ಇದೆ. ಹುಣಸೆಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಚಿಗವ್ವನೂ ತೀರಿಹೋಗಿ ಎರಡು ವರ್ಷವಾಯಿತು.

ಈ ಹದಿನೇಳು ದಿನ ನಾನೂ ಆಯಿಯೇ ಆಗಿದ್ದೆ. ಸವಿತಾಗೆ ತಾಯಿ ಇಲ್ಲ, ಅದಕ್ಕೇ ಬಾಣಂತನ ನಮ್ಮ ಮನೆಯಲ್ಲೇ. ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸ್. ಮೊದಲ ದಿನವೇ, "ಕೂಸಿನ ತಲಿ ಒತ್ತಬ್ಯಾಡ್ರಿ ಅತ್ತಿ, ನೆತ್ತಿ ಇನ್ನೂ ಕೂಡಿಲ್ಲ," ಎಂದು ಮಗ್ಗುಲಿಗೆ ಎಳೆದುಕೊಂಡಿದ್ದಳು. ಬಾಗಿಲು ಅರ್ಧ ಮುಚ್ಚುವುದು, ನನ್ನ ಮಗ ಬಸೂನ ಜೊತೆ ಪಿಸುಮಾತು, ನಾನು ಹೋದರೆ ದಿಂಬಿನ ಕೆಳಗೆ ಏನೋ ಸರಿಸುವುದು. ಕೂಸನ್ನು ಎತ್ತಿಕೊಂಡು ಗಂಗಾವತಿಗೆ ಬೇರೆ ಮನೆ ಮಾಡಲು ಹೊರಟಿದ್ದಾರೆ ಎಂದೇ ನಾನು ತೀರ್ಮಾನಿಸಿದ್ದೆ. ಇವತ್ತು ಮಧ್ಯಾಹ್ನ ಅವಳು, "ತಲಿ ಸಿಡೀತೈತ್ರಿ ಅತ್ತಿ," ಎಂದು ಬಂದು ನನ್ನ ಮುಂದೆ ಕೂತಳು. ನೆತ್ತಿ ತಟ್ಟಿದೆ, ಹಿಂಗತ್ತಿನಿಂದ ಮೇಲೆ ಬಂದೆ, ಕೂದಲು ಜಗ್ಗಿದೆ. ಕಣತಲೆಗೆ ಬೆರಳಿಟ್ಟು, ಗಂಗಾವತಿಗೆ ಯಾವಾಗ ಹೋಗುತ್ತೀರಿ ಎಂದು ಕೇಳಲು ಬಾಯಿ ತೆರೆದೆ. ಕೇಳುವ ಮೊದಲೇ ಅದು ಜಿಗಿಯಿತು. ಬೆರಳು ಅಲ್ಲೇ ನಿಲ್ಲಿಸಿದೆ. ಆಯಿ ಕೇಳದೆ ಬಿಟ್ಟ ಮಾತು ಆಗ ನನ್ನ ಬಾಯಿಗೆ ಬಂತು.

"ಬಾಯಾಗ ಏನೈತವಾ?"

ಸವಿತಾ ತಿರುಗಿದಳು. ಒಂದು ಕೆನ್ನೆ ಉಬ್ಬಿತ್ತು. "ಮಾವಿನ ಉಪ್ಪಿನಕಾಯ್ರಿ. ಬಾಣಂತಿಗೆ ಹುಳಿ ಕೊಡಂಗಿಲ್ಲ ಅಂತೀರಿ. ಬರೀ ಬೆಳ್ಳುಳ್ಳಿ ಸಾರು ಉಂಡು ನಾಲಿಗಿ ಸತ್ತು ಹೋಗೈತಿ. ನಿಮ್ಮ ಮಗಾನ ಕಾಗದದಾಗ ಸುತ್ತಿ ತಂದು ಕೊಡ್ತಾರ."

ನಕ್ಕೆ, ನಗುತ್ತಲೇ ಅತ್ತೆ. ಹುಣಸೆಯ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಕೇಳಿ ಮುಗಿಸಿ, ಎದ್ದು ಹೋಗಿ ಕೂಸನ್ನು ತಂದಳು. "ಒತ್ತಬ್ಯಾಡ್ರಿ ಮತ್ತ."

"ಇಲ್ಲವಾ, ಬರೇ ಕೈ ಇಡ್ತೀನಿ."

ಅಂಗೈಯಡಿ ಆ ಮೆತ್ತನೆಯ ನೆತ್ತಿ ಸಣ್ಣಗೆ ಬಡಿಯುತ್ತಿತ್ತು.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಬಾಣಂತಿಯೂ ಕೂತಳು, ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲರಿಗೂ ಕಾಣುವಂತೆ. ಜೋಳದ ರೊಟ್ಟಿ, ಪುಂಡಿ ಪಲ್ಲೆ. ಯಜಮಾನರದು, ಬಸೂನದು, ಸವಿತಾಳದು, ಎಲ್ಲರ ಕಣತಲೆಯೂ ಅಗಿದಂತೆಲ್ಲ ಏಳುತ್ತ ಬೀಳುತ್ತಿತ್ತು. ಸೊಸೆಯ ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡು ನಾನೂ ದವಡೆಗಿಟ್ಟುಕೊಂಡೆ. ಭಾಳ ಹೊತ್ತು ನುಂಗಲಿಲ್ಲ.