ಅವರೆ ಸಿಪ್ಪೆ ಕದ್ದವರು ಯಾರು?

ಆಗೆಲ್ಲ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಮತ್ತಿಗಿರಿಯಲ್ಲಿ ಚಳಿಗಾಲ ಬಂತೆಂದು ಮೊದಲು ತಿಳಿಯುತ್ತಿದ್ದದ್ದು ಮೂಗಿಗೆ. ಬೀದಿಗೆ ಬೀದಿಯೇ ಅವರೆಕಾಯಿ ಸೊಗಡು ಹೊಡೆಯುತ್ತಿತ್ತು. ನಮ್ಮದು ನಾಲ್ಕು ಮನೆಯ ವಠಾರ, ನಾಲ್ಕಕ್ಕೂ ಒಂದೇ ನಲ್ಲಿ. ಗಂಡಸರು ಫ್ಯಾಕ್ಟರಿ ಶಿಫ್ಟಿಗೆ ಹೋದ ಮೇಲೆ ಉಳಿಯುತ್ತಿದ್ದದ್ದು ಹೆಂಗಸರು, ಮಕ್ಕಳು ಮತ್ತು ಒಬ್ಬರ ಮೇಲೊಬ್ಬರಿಗಿದ್ದ ಅನುಮಾನ. ಬಿಂದಿಗೆ ಸಾಲಿನಲ್ಲಿ ಯಾರು ಮುಂದೆ ಸರಿಸಿದರು, ಒಣಹಾಕಿದ ಸಂಡಿಗೆ ಯಾಕೆ ಕಮ್ಮಿಯಾಯಿತು ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ವಿಚಾರಣೆ ನಡೆಯುತ್ತಿತ್ತು.

ಆ ಕಾಲಕ್ಕೆ ಸರಿಯಾಗಿ ಉದ್ದನಪಲ್ಲಿಯಿಂದ ನಮ್ಮಜ್ಜಿ ಬರುತ್ತಿದ್ದಳು. ತಲೆಯ ಮೇಲೆ ಅವರೆಕಾಯಿ ಮೂಟೆ, ಬಾಯಲ್ಲಿ ಎಲೆಅಡಿಕೆ. ಅನುಮಾನದಲ್ಲಿ ಅವಳನ್ನು ಮೀರಿಸುವವರು ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ಹಾಲು ಕೊಂಡರೆ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುವಳು. ಹಾಗೆ ನೋಡಿಯೇ ಹಿಂದಿನ ಬೀದಿಯ ಹಾಲಿನ ಪಾರ್ವತಮ್ಮನ ಹತ್ತಿರ ಜಗಳವಾಗಿ, ಆ ಹೆಸರು ನಮ್ಮ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ.

ಸಂಜೆ ಎಲ್ಲರೂ ಮೊರದ ಸುತ್ತ ಕೂತು ಕಾಯಿ ಸುಲಿಯುತ್ತಿದ್ದೆವು. ನೆನೆಸಿದ ಕಾಳನ್ನು ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ಯಾರದೋ ಕಣ್ಣಿಗೆ ಬಡಿಯುತ್ತಿತ್ತು. ಕೊನೆಗೆ ಸಿಪ್ಪೆಯನ್ನೆಲ್ಲ ಬಾಗಿಲ ಮುಂದೆ ಬೀದಿಗೆ ಸುರಿಯುವುದು. ಅದು ಕಸವಲ್ಲ, ಗೌರವ. "ಹತ್ತು ಜನ ತುಳಿದ್ರೇನೇ ಸಾರ್‍ಗೆ ಸೊಗಡು ಬರಾದು" ಎನ್ನುತ್ತಿದ್ದಳು ಅಜ್ಜಿ. ಯಾರ ಬಾಗಿಲ ಮುಂದೆ ದೊಡ್ಡ ರಾಶಿಯೋ ಅವರದೇ ಆ ದಿನದ ದೊಡ್ಡ ಮನೆತನ.

ಆ ವರ್ಷ ನಮ್ಮ ಬಾಗಿಲ ರಾಶಿ ಬೆಳಗಾಗುವಷ್ಟರಲ್ಲಿ ಮಾಯವಾಗತೊಡಗಿತು.

"ಯಾವಳೋ ಎತ್ಕೊಂಡು ಹೋಗ್ಬುಟ್ಟವ್ಳೆ!" ಎಂದು ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡಳು. ಬಂಗಾರ ಹೋಗಿದ್ದರೂ ಅಷ್ಟು ಕೂಗುತ್ತಿರಲಿಲ್ಲವೇನೋ.

"ಹೋದ್ರೆ ಹೋಯ್ತು ಬುಡಮ್ಮ, ಸಿಪ್ಪೆ ತಾನೇ" ಎಂದಳು ಅಮ್ಮ.

"ಸಿಪ್ಪೆ ತಾನೇನಾ? ಉಂಡ ಮನೆ ಸಿಪ್ಪೆ ಕಣೆ ಅದು! ಅದ್ನ ಇಟ್ಕೊಂಡು ಏನ್ ಬೇಕಾದ್ರೂ ಮಾಡ್‍ಬೌದು. ಕುಂಬಳಕಾಯಿ ಕಳ್ಳ ಯಾರು ಅಂದ್ರೆ ಹೆಗಲು ಮುಟ್ಕೊಳ್ಳೋರು ಸಿಕ್ಕೇ ಸಿಗ್ತಾರೆ, ನೋಡ್ತಿರು."

ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಎರಡು ಕೈಯನ್ನೂ ಕುಂಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಯಾಕೆಂದರೆ ಕದಿಯುತ್ತಿದ್ದವಳು ನಾನೇ.

ಆಗ ನನಗೆ ಹತ್ತು ವರ್ಷ. ಪಾರ್ವತಮ್ಮನ ಹಸು ಗಬ್ಬವಾಗಿತ್ತು. "ದಿನಾ ಒಂದು ಬುಟ್ಟಿ ಅವರೆ ಸಿಪ್ಪೆ ತಂದಾಕಮ್ಮಿ, ಕರ ಹಾಕಿದ್ರೆ ಮೊದಲ್ನೇ ಗಿಣ್ಣು ನಿಂಗೇ" ಎಂದಿದ್ದಳು. ಗಿಣ್ಣೆಂದರೆ ನನಗೆ ಪ್ರಾಣ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಆ ಗಟ್ಟಿ ಹಾಲಿನ ಆಸೆಗೆ ಇನ್ನೂ ಮಬ್ಬು ಇರುವಾಗಲೇ ಎದ್ದು, ಬುಟ್ಟಿ ತುಂಬಿಕೊಂಡು ಹಿಂದಿನ ಬೀದಿಗೆ ಓಡುತ್ತಿದ್ದೆ. ಅಜ್ಜಿಗೆ ಹೇಳುವುದುಂಟೇ? ಸಿಪ್ಪೆ ಎತ್ತಿದ್ದಕ್ಕೆ ಒಂದೇಟು, ಪಾರ್ವತಮ್ಮನ ಕೊಟ್ಟಿಗೆಗೆ ಹೋದದ್ದಕ್ಕೆ ಹತ್ತೇಟು.

ಅಜ್ಜಿಯ ಅನುಮಾನ ಒಂದೊಂದೇ ಮನೆ ಸುತ್ತಿ ಕೊನೆಗೆ ಪಕ್ಕದ ಮನೆಯಲ್ಲಿ ಗೂಟ ಹೊಡೆದುಕೊಂಡು ನಿಂತಿತು. ಅಲ್ಲಿ ಎರಡು ತಿಂಗಳ ಹಿಂದೆ ಸೆಲ್ವಿ ಅಕ್ಕ ಸಂಸಾರ ಹೂಡಿದ್ದಳು. ತಮಿಳುನಾಡಿನ ತೀರಾ ತೆಂಕಲ ಕಡೆಯವಳು, ಗಂಡ ಫ್ಯಾಕ್ಟರಿಯಲ್ಲಿ ವೆಲ್ಡರು. ಕಡಲೆಕಾಳಿನ ಸುಂಡಲ್ ಮಾಡಿದರೆ ನನ್ನನ್ನು ಕರೆದು ಒಂದು ಬಟ್ಟಲು ಕೊಡುವಳು. ನಮ್ಮ ಅವರೆ ಸಾರಿನ ವಾಸನೆಗೆ ಮಾತ್ರ ಸೆರಗು ಮೂಗಿಗೆ ಹಿಡಿಯುವಳು. ಅಜ್ಜಿಗೆ ಅಷ್ಟೇ ಸಾಕಾಯಿತು.

"ಸಾರು ಉಣ್ಣದೋಳ್ಗೆ ಸಿಪ್ಪೆ ಯಾಕೆ? ಮಾಟಕ್ಕೇ ಕಣೆ!"

ಅಮ್ಮ ನಕ್ಕಳು. ಆದರೆ ನಗುತ್ತಲೇ ನಮ್ಮ ಹೊಸಲಿಗೆ ಒಂದು ನಿಂಬೆಹಣ್ಣು ತಂದಿಟ್ಟಳು. ಅನುಮಾನವೆಂದರೆ ಮದ್ರಾಸ್ ಐ ಇದ್ದ ಹಾಗೆ, ನೋಡಿದವರಿಗೂ ಅಂಟುತ್ತದೆ.

ಕಾವಲಿಗೆ ಅಜ್ಜಿ ನೇಮಿಸಿದ್ದು ಯಾರನ್ನು ಎಂದುಕೊಂಡಿರಿ? ನನ್ನನ್ನೇ! ಓದಲು ಬೆಳಿಗ್ಗೆ ಬೇಗ ಏಳುವ ಜಾಣೆ ನಾನಂತೆ. ಹೊಲ ಮೇಯುವ ಬೇಲಿಗೇ ಕಾಯಲು ಹೇಳಿದಂತಾಯಿತು. ಎರಡು ದಿನ "ಯಾರೂ ಕಾಣಲಿಲ್ಲ" ಎಂದೆ. ಮೂರನೆಯ ದಿನ ಅಜ್ಜಿ ನನ್ನ ಗದ್ದ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ನಿಜ ಹೇಳಮ್ಮಿ. ಆ ಸೆಲ್ವಿ ಬಾಗ್ಲು ತಗ್ದಿತ್ತಾ?"

"ತಗ್ದಿತ್ತು."

"ಅವ್ಳು ಬೀದೀಲಿದ್ಲಾ?"

"ಇದ್ಲು. ಕೈಯಲ್ಲಿ ಪೊರಕೆ ಇತ್ತು."

ಎಲ್ಲವೂ ನಿಜ. ಸೆಲ್ವಿ ಅಕ್ಕ ದಿನಾ ಆ ಹೊತ್ತಿಗೆ ಎದ್ದು ತನ್ನ ಬಾಗಿಲು ಗುಡಿಸಿ ರಂಗೋಲಿ, ಅವಳ ಮಾತಲ್ಲಿ ಕೋಲಂ, ಹಾಕುತ್ತಿದ್ದಳು. ನಾನು ಬುಟ್ಟಿ ಹಿಡಿದು ಓಡುವುದನ್ನು ಕಂಡು "ಪಾತ್ತು ಪೋ ಕಣ್ಣು" ಎನ್ನುತ್ತಿದ್ದಳು, ಎಡವದೆ ನೋಡಿಕೊಂಡು ಹೋಗಲಿ ಎಂದು. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದೆ.

ಆ ಬೆಳಿಗ್ಗೆಯೇ ನಲ್ಲಿಯ ಹತ್ತಿರ ಪಂಚಾಯಿತಿ ಸೇರಿತು. ಮೂರು ಮನೆಯ ಹೆಂಗಸರು ಒಂದು ಕಡೆ, ಸೆಲ್ವಿ ಅಕ್ಕ ಒಬ್ಬಳೇ ಒಂದು ಕಡೆ. ಅವಳ ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ತಿರುಗಿಸಲಿಲ್ಲ.

"ನಮ್ಮ ಹುಡುಗಿ ಕಣ್ಣಾರೆ ನೋಡವ್ಳೆ" ಎಂದು ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿದಳು. "ಸಿಪ್ಪೆ ಯಾರು ಎತ್ತಿದ್ದು, ಹೇಳಮ್ಮ ತಾಯಿ!"

ಸೆಲ್ವಿ ಅಕ್ಕ ನನ್ನನ್ನು ನೋಡಿದಳು. ಈಗ ಹೇಳಿಬಿಡುತ್ತಾಳೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಲಂಗದ ಅಂಚು ಹಿಂಡುತ್ತಾ ನಿಂತಿದ್ದೆ.

"ನಾನೇ ಪಾಟಿ" ಎಂದಳು ಸೆಲ್ವಿ ಅಕ್ಕ ಅಜ್ಜಿಗೆ, ತನ್ನ ಹರಕು ಕನ್ನಡದಲ್ಲಿ. "ಕೋಲಂ ಹಾಕಕ್ಕೆ ಜಾಗ ಬೇಕಲ್ಲ. ನಾನೇ ಎತ್ತಿ ಹಾಕ್ದೆ. ತಪ್ಪಾಯ್ತು."

ಅಜ್ಜಿ ಅಷ್ಟಕ್ಕೆ ಬಿಡುವವಳೇ? "ಇಷ್ಟು ಸಲೀಸಾಗಿ ಒಪ್ಕೊಂಡ್ಲು ಅಂದ್ರೆ ಒಳಗೆ ಇನ್ನೇನೋ ಐತೆ" ಎಂದಳು. ಹೆದರಿಕೆಗೆ ನಾನು ಮಾರನೆಯ ದಿನದಿಂದ ಸಿಪ್ಪೆ ಮುಟ್ಟಲಿಲ್ಲ. ರಾಶಿ ಇದ್ದ ಹಾಗೇ ಉಳಿಯಿತು. ಉಳಿದದ್ದೇ ಸೆಲ್ವಿ ಅಕ್ಕನ ಕಳ್ಳತನಕ್ಕೆ ಸಾಕ್ಷಿಯಾಯಿತು.

ಆಮೇಲೆ ಅವಳ ಹತ್ತಿರ ಯಾರೂ ಮಾತಾಡಲಿಲ್ಲ. ಪೊಂಗಲ್ ದಿನ ಅವಳು ನಮಗೆ ಸಕ್ಕರೆ ಪೊಂಗಲ್ ತಂದುಕೊಟ್ಟಳು, ಮೇಲೆ ತುಪ್ಪದಲ್ಲಿ ಹುರಿದ ದ್ರಾಕ್ಷಿ, ಗೋಡಂಬಿ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಅಜ್ಜಿ ಬರಿದಾಗಿ ಕಳಿಸಲಿಲ್ಲ, ಪೊಂಗಲ್ ಸಮೇತ ನನ್ನ ಕೈಯಲ್ಲೇ ವಾಪಸು ಕಳಿಸಿದಳು. ಸೆಲ್ವಿ ಅಕ್ಕ ಪಾತ್ರೆ ನೋಡಿದಳು. ಒಂದು ತುತ್ತು ತೆಗೆದು ನನ್ನ ಬಾಯಿಗಿಟ್ಟು, "ನೀ ತಿನ್ನು ಕಣ್ಣು" ಎಂದಳು. ಅಷ್ಟು ಹೊತ್ತೂ ನನ್ನ ನಾಲಿಗೆಯ ತುದಿಯಲ್ಲಿ ಮಾತಿತ್ತು. ಪೊಂಗಲ್ ಜೊತೆ ಅದನ್ನೂ ನುಂಗಿಕೊಂಡು ಓಡಿಬಂದೆ.

ಆ ತಿಂಗಳು ಕಳೆಯುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿದರು. ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿತಂತೆ. ಅದು ನಿಜವೋ, ನಮ್ಮ ಕಾಟ ತಾಳದೆ ಹೋದರೋ, ನನಗೆ ಇವತ್ತಿಗೂ ಅನುಮಾನ.

ಅವರು ಹೋದ ವಾರಕ್ಕೆ ಹಸು ಕರು ಹಾಕಿತು. ನಾನು ಸಿಪ್ಪೆ ತರುವುದು ನಿಲ್ಲಿಸಿದ್ದರೂ ಪಾರ್ವತಮ್ಮ ಮಾತಿಗೆ ತಪ್ಪಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲೇ ಕೂತು ಎರಡು ಬಟ್ಟಲು ಗಿಣ್ಣು ತಿಂದೆ. ದುಃಖಕ್ಕೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಇಳಿಯಿತು. ತುಂಬಾ ಚೆನ್ನಾಗಿತ್ತು. ಅದಕ್ಕೇ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅಜ್ಜಿ ಸಾಯುವವರೆಗೂ ಅವರೆಕಾಲ ಬಂದಾಗಲೆಲ್ಲ ಸೆಲ್ವಿ ಅಕ್ಕನಿಗೆ ಒಂದು ಸಲ ಮಂಗಳಾರತಿ ಎತ್ತುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕಾಳು ಹಿತುಕುತ್ತಿದ್ದೆ.

ಈಗ ಆ ವಠಾರವಿಲ್ಲ. ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಅವರೆ ಬೇಳೆ ಹಿತುಕಿಯೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಯಾರ ಮನೆಯ ಸಿಪ್ಪೆಯೂ ಯಾರ ಕಾಲಿಗೂ ಸಿಗುವುದಿಲ್ಲ. ಮಹಡಿಗೊಂದು ಕ್ಯಾಮೆರಾ ಇದೆ. ಹೋದ ತಿಂಗಳು ನನ್ನ ಕುಂಡದ ಗುಲಾಬಿ ದಿನಾ ಕಾಣೆಯಾಗುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಮೇಲಿನ ಮಹಡಿಯ ಹುಡುಗಿ, ಒಂಬತ್ತೋ ಹತ್ತೋ ವರ್ಷ. ಹೂ ಕಿತ್ತು ಲಂಗಕ್ಕೆ ಹಾಕಿಕೊಂಡು ಓಡುತ್ತಿದ್ದಳು.

ಆ ವಿಡಿಯೋವನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆ ಮೇಲಿನ ಮನೆಯಿಂದ ಮಗು ಅಳುವ ಸದ್ದು ಕೇಳಿಸಿತು. ಅವತ್ತಿನಿಂದ ಆ ಹುಡುಗಿ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ.