ಆಯಿ ಚೌಕಿಗೆ ಬಂದ ದಿನ

ರೊಟ್ಟಿಯ ಜೊತೆಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಲೆಂದು ಅಗಸಿ ಬೀಜ ಹುರಿಯುವಾಗಲೆಲ್ಲ ನನಗೆ ಊಟದ ಬದಲು ಸಿದ್ದು ಕಾಕಾ ನೆನಪಾಗುತ್ತಾನೆ. ಆಳಂದದ ನಮ್ಮ ವಾಡೆಯ ಮಾಳಿಗೆಯ ಮೇಲೆ ಅವನು ಅಗಸಿ ಎಣ್ಣೆಯಲ್ಲಿ ಬಣ್ಣ ಕಲಸುತ್ತಿದ್ದ. ಆ ವಾಸನೆ ಮೆಟ್ಟಿಲಿಳಿದು ರೊಟ್ಟಿ ಬಡಿಯುವ ಅಡುಗೆಮನೆಯ ತನಕ ಬರುತ್ತಿತ್ತು. ಅಂಗಡಿಗಳ ಬೋರ್ಡು ಬರೆದು ಬದುಕಿದ ಕಾಕಾ ತನ್ನ ಖುಷಿಗೆಂದು ಬರೆದದ್ದು ಒಂದೇ ಚಿತ್ರ, ಊರಿನ ಹಳೆಯ ಚೌಕು. ಕಲ್ಲಿನ ಕಮಾನು, ಪಕ್ಕದಲ್ಲಿ ಬಳೆ ಅಂಗಡಿ, ಗಂಟಿನ ಮೇಲೆ ಕೂತು ಬಸ್ಸಿಗೆ ಕಾಯುವ ನರೋಣಾದ ರೈತರು, ಚಹಾದ ಬಸಿಗೆ ಬಾಯಿಟ್ಟ ಮುದುಕ, ನೆರಳಲ್ಲಿ ಮಲಗಿದ ನಾಯಿ. ಕಂಡದ್ದನ್ನು ಬಿಟ್ಟು ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ ಮಹಾರಾಯ. ನಾಯಿ ಎದ್ದುಹೋಯಿತೆಂದು, ಅದು ಮರಳಿ ಬಂದು ಮಲಗುವ ತನಕ ಬಾಲ ಬರೆಯದೆ ಕಾದವನು!

ಆ ಚಿತ್ರಕ್ಕೆ ಗಂಟುಬಿದ್ದವಳು ಅವನ ತಾಯಿ, ನಮ್ಮ ಆಯಿ. ವಾಡೆಯ ಹೆಣ್ಣುಮಕ್ಕಳು ಚೌಕು ತುಳಿಯಬಾರದೆಂಬುದು ಮನೆಯ ರಿವಾಜು. ಗುಡಿಗೆ ಹೋಗಲು ಹಿಂದಿನ ಓಣಿ, ಬಳೆ ಇಡಿಸಲು ಬಳೆಗಾರನೇ ಮನೆಗೆ. ಪರದೆ ಕಟ್ಟಿದ ಗಾಡಿಯಲ್ಲಿ ಸೊಸೆಯಾಗಿ ಬಂದ ಆಯಿ, ಕೂಗಳತೆಯಲ್ಲಿದ್ದ ಚೌಕನ್ನು ಕಂಡದ್ದೇ ಈ ಚಿತ್ರದಲ್ಲಿ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತ, ಶಾಲೆಯಿಂದ ಬಂದ ನನ್ನನ್ನು ಹಿಡಿದು ಕೇಳುತ್ತಿದ್ದಳು: "ಈ ಕಮಾನಿನ ಆಚಿ ಏನದ ಬೇ? ಈ ಮುದುಕ ದಿನಾ ಹಿಂಗೇ ಕುಂದರ್ತಾನೇನು?" ಇನ್ನೂ ಚಿಕ್ಕವಳೆಂದು ನನಗೆ ಆ ರಿವಾಜಿರಲಿಲ್ಲ; ನಾನು ಓಡಿಹೋಗಿ ನೋಡಿ ಬರಬೇಕು. ಆಚೆಗೊಂದು ಬೇವಿನ ಮರವಿದೆ ಎಂದಾಗ ಅವಳ ಮುಖ ನೋಡಬೇಕಿತ್ತು.

ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟಳು. "ಲೇ ಸಿದ್ದು, ಬಳಿ ಅಂಗಡಿ ಮುಂದ ಜಾಗಾ ಖಾಲಿ ಅದ. ನನ್ನ ಅಲ್ಲಿ ಕುಂದರ್ಸೋ."

"ನಾ ಕಂಡದ್ದಷ್ಟೇ ಬರೀತೇನಿ ಯವ್ವಾ. ನೀ ಚೌಕಿಗೆ ಬಾ, ಬರೀತೇನಿ."

ಅದು ಹಟದ ಮಾತಲ್ಲ. ಈ ನೆವದಿಂದಾದರೂ ಅವ್ವ ಹೊಸ್ತಿಲು ದಾಟಲಿ ಎಂಬ ಆಸೆ ಅವನದು. ಆಯಿ ಸೆರಗು ಹೊದ್ದು ಬಾಗಿಲ ತನಕ ಬಂದಳು ಕೂಡ. ಪಡಸಾಲೆಯಲ್ಲಿ ಕೂತಿದ್ದ ಅವಳ ಗಂಡ, ನಮ್ಮ ಮುತ್ಯಾ, ಒಮ್ಮೆ ಕೆಮ್ಮಿದ. ಅಷ್ಟೇ, ಆಯಿ ತಿರುಗಿ ಒಳಗೆ ಹೋದಳು. ಆ ಕೆಮ್ಮಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮುಂದೆ ಆಯಿ ತೀರಿಕೊಂಡಾಗ, ನಮ್ಮ ಪದ್ಧತಿಯಂತೆ ಹಣೆತುಂಬ ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ ಹೊತ್ತರು. ಮಣ್ಣಿಗೆ ಒಯ್ಯುವ ದಾರಿ ಚೌಕಿನ ಮೇಲೆಯೇ. ಆಗ ಯಾರೂ ಕೆಮ್ಮಲಿಲ್ಲ. ಬಳೆ ಅಂಗಡಿಯ ಮುಂದೆ ಭಜನೆಯವರು ಒಂದು ಗಳಿಗೆ ನಿಂತರು. ಹೆಗಲು ಕೊಟ್ಟಿದ್ದ ಕಾಕಾ ಇನ್ನೊಬ್ಬರಿಗೆ ಭಾರ ಒಪ್ಪಿಸಿ ಎದುರು ಬಂದು, ಅವಳನ್ನೇ ನೋಡಿದ.

"ಕಡೀಕೂ ಬಂದಿ ನೋಡು ಯವ್ವಾ" ಎಂದು ಅತ್ತುಬಿಟ್ಟ.

ವಾಡೆ ಕೆಡವಿ ಈಗ ಅಲ್ಲಿ ಮಳಿಗೆಗಳನ್ನು ಕಟ್ಟಿದ್ದಾರೆ. ಕಾಕಾನೂ ಇಲ್ಲ. ಚಿತ್ರ ನನ್ನ ಮನೆಯ ಗೋಡೆಯ ಮೇಲಿದೆ. ಬಳೆ ಅಂಗಡಿಯ ಮುಂದೆ ಆಯಿ ಕೂತಿದ್ದಾಳೆ; ಆ ದಿನದ ಸೀರೆ, ಆ ದಿನದ ವಿಭೂತಿ, ಎಲ್ಲ ಕಂಡಂತೆಯೇ. ಕಣ್ಣುಗಳನ್ನು ಮಾತ್ರ ಕಾಕಾ ತೆರೆದು ಬರೆದಿದ್ದಾನೆ. ಅವು ಕಮಾನಿನ ಆಚೆ, ಬೇವಿನ ಮರದ ಕಡೆ ನೋಡುತ್ತಿವೆ.